ಹೆದ್ದಾರಿಯ ಹೊಸ ಡಂಗುರ

ಹೊಸಕೋಟೆಯಿಂದ ಹೊರಟು ಮಾಲೂರು, ಬಂಗಾರಪೇಟೆ, ಕೆಜಿಎಫ್ ತಾಲ್ಲೂಕುಗಳ ಹೊಲಗಳ ನಡುವೆ ಹಾದುಹೋಗುವ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಸುಮಾರು 71 ಕಿ.ಮೀ. ಭಾಗ 2024ರ ಡಿಸೆಂಬರ್‌ನಲ್ಲಿ ವಾಹನಗಳಿಗೆ ತೆರೆಯಿತು. ಇಂಥ ಹೊಸ ಹೆದ್ದಾರಿಗಳಲ್ಲಿ ಕ್ಯಾಮೆರಾಗಳ ಜೊತೆಗೆ ಅಕ್ಷರ ಬದಲಾಯಿಸಬಹುದಾದ ದೀಪದ ಫಲಕಗಳನ್ನೂ ಹಾಕುವುದು ಈಗ ವಾಡಿಕೆ. ಮುಂದೆ ಅಪಘಾತವಾಗಿದೆ, ಮಂಜು ಕವಿದಿದೆ, ವೇಗ ತಗ್ಗಿಸಿ ಎಂದು ಚಾಲಕರಿಗೆ ಹೇಳುವುದು ಅವುಗಳ ಕೆಲಸ.

ಅಮೆರಿಕದ ಹೆದ್ದಾರಿಗಳಲ್ಲಿ ಇಂಥದೇ ಫಲಕಗಳು ಒಮ್ಮೊಮ್ಮೆ ಬೇರೊಂದು ಸುದ್ದಿಯನ್ನು ಹೊತ್ತು ನಿಲ್ಲುತ್ತವೆ. 'ಸಿಲ್ವರ್ ಅಲರ್ಟ್' ಎಂಬ ಎರಡು ಪದ, ಅದರ ಕೆಳಗೆ ಒಂದು ಕಾರಿನ ಬಣ್ಣ, ಕಂಪನಿ ಮತ್ತು ನಂಬರು. ಇಷ್ಟು ಓದಿದರೆ ಅಲ್ಲಿನವರಿಗೆ ಅರ್ಥವಾಗುತ್ತದೆ. ಮರೆವಿನ ಕಾಯಿಲೆಯ ವೃದ್ಧರೊಬ್ಬರು ಕಾರು ತೆಗೆದುಕೊಂಡು ಹೋದವರು ಮನೆಗೆ ಬಂದಿಲ್ಲ, ಆ ಕಾರನ್ನು ಕಂಡವರು ಪೊಲೀಸರಿಗೆ ತಿಳಿಸಬೇಕು.

ಕಾಣೆಯಾದವರನ್ನು ಹುಡುಕಲು ದಾರಿಹೋಕರ ಕಣ್ಣನ್ನು ಬಳಸಿಕೊಳ್ಳುವ ಈ ಉಪಾಯ ನೋಡಲು ಹೊಸದು. ಅದರ ಹಿಂದಿರುವ ಆಲೋಚನೆ ಮಾತ್ರ ಬಹಳ ಹಳೆಯದು. ಅದು ನಮ್ಮ ಕೋಲಾರ ಜಿಲ್ಲೆಗೆ, ಅದರಲ್ಲೂ ಕೆಜಿಎಫ್ ಮತ್ತು ಬಂಗಾರಪೇಟೆಗೆ ಹೇಗೆ ಹೊಂದುತ್ತದೆ ಎಂಬುದನ್ನು ಯೋಚಿಸುವ ಕಾಲ ಬಂದಿದೆ.

ತಳವಾರ, ತೋಟಿ ಮತ್ತು ತಮಟೆ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಆಯಗಾರರೆಂಬ ಊರ ನೌಕರರಿದ್ದರು. ಶಾನುಭೋಗ, ಪಟೇಲರಿಂದ ಹಿಡಿದು ಕೆರೆಯ ನೀರು ಬಿಡುವ ನೀರುಗಂಟಿಯವರೆಗೆ ಒಬ್ಬೊಬ್ಬರಿಗೆ ಒಂದೊಂದು ಹೊಣೆ. ಇವರಲ್ಲಿ ತಳವಾರ ಮತ್ತು ತೋಟಿ ಊರಿನ ಕಣ್ಣು ಮತ್ತು ಬಾಯಿ ಇದ್ದಂತೆ. ಮದರಾಸು ಸೀಮೆಯ ಹಳ್ಳಿಗಳನ್ನು ವರ್ಣಿಸುತ್ತ 1812ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬಂದ 'ಐದನೇ ವರದಿ' ಎಂಬ ಪ್ರಸಿದ್ಧ ದಾಖಲೆ ಇವರ ಕೆಲಸವನ್ನು ವಿವರಿಸುತ್ತದೆ. ಅಪರಾಧಗಳ ಸುಳಿವು ಹಿಡಿಯುವುದರ ಜೊತೆಗೆ, ಒಂದು ಊರಿನಿಂದ ಮತ್ತೊಂದು ಊರಿಗೆ ಹೋಗುವ ಪ್ರಯಾಣಿಕರನ್ನು ಕಾಪಾಡಿ ತಲುಪಿಸುವುದೂ ತಳವಾರನ ಹೊಣೆಯೆಂದು ಅದರಲ್ಲಿದೆ. ದಾರಿಯಲ್ಲಿರುವ ಅಪರಿಚಿತನನ್ನು ಗಮನಿಸುವುದು, ಅವನನ್ನು ಮುಂದಿನ ಊರಿನವರ ಕೈಗೆ ಒಪ್ಪಿಸುವುದು ಒಂದು ಉದ್ಯೋಗವೇ ಆಗಿತ್ತು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಊರಿಗೆಲ್ಲ ತಿಳಿಯಬೇಕಾದ ಸುದ್ದಿಗೆ ಡಂಗುರವಿತ್ತು. ತಮಟೆ ಬಡಿದು ಜನ ಸೇರುವವರೆಗೆ ಕಾದು, ವಿಷಯವನ್ನು ಎರಡು ಮೂರು ಸಲ ಕೂಗಿ ಹೇಳಿ ಮುಂದಿನ ಬೀದಿಗೆ ಹೋಗುವ ಕ್ರಮ ಅದು. ಕಂದಾಯ ಕಟ್ಟುವ ದಿನ, ಕೆರೆಯ ತೂಬು ಎತ್ತುವ ದಿನ, ಊರ ಹಬ್ಬದ ದಿನ ಎಲ್ಲವೂ ಹೀಗೆಯೇ ತಿಳಿಯುತ್ತಿದ್ದವು. ಇದನ್ನು ಹೊಗಳುವಾಗ ಒಂದು ಮಾತು ಮರೆಯಬಾರದು. ತಮಟೆ ಬಡಿಯುವ ಕೆಲಸವನ್ನು ದಲಿತ ಕುಟುಂಬಗಳ ಮೇಲೆ ತಲೆತಲಾಂತರದ ಬಿಟ್ಟಿ ಚಾಕರಿಯಾಗಿ ಹೇರಲಾಗಿತ್ತು. ಎಲ್ಲರ ಸುದ್ದಿಯನ್ನು ಎಲ್ಲರ ಬಾಗಿಲಿಗೆ ತಲುಪಿಸಿದವರು ಎಲ್ಲರ ಬಾಗಿಲೊಳಗೆ ಕಾಲಿಡುವಂತಿರಲಿಲ್ಲ. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಪಡಿಸಿತು.

ಇಂಗ್ಲೆಂಡಿನಲ್ಲಿಯೂ ಇಂಥದೊಂದು ಪದ್ಧತಿಯಿತ್ತು. 1285ರ ವಿಂಚೆಸ್ಟರ್ ಶಾಸನದ ಪ್ರಕಾರ ಅಪರಾಧ ನಡೆದರೆ ಕಂಡವರು ಬೊಬ್ಬೆ ಹಾಕಬೇಕು. ಕೇಳಿದವರೆಲ್ಲ ಕೆಲಸ ಬಿಟ್ಟು ಅಪರಾಧಿಯ ಬೆನ್ನು ಹತ್ತಬೇಕು. ಈ ಬೊಬ್ಬೆಗೆ 'ಹ್ಯೂ ಅಂಡ್ ಕ್ರೈ' ಎಂದು ಹೆಸರು. ಮುಂದೆ ಲಂಡನ್ನಿನ ಪೊಲೀಸ್ ಗೆಜೆಟಿಗೂ ಇದೇ ಹೆಸರು ಬಂತು. ಬ್ರಿಟಿಷರ ಜೊತೆ ಈ ಮಾತು ನಮ್ಮ ಪೊಲೀಸ್ ಠಾಣೆಗಳಿಗೂ ಬಂದು ಇನ್ನೂ ಅಲ್ಲಿಯೇ ಉಳಿದಿದೆ. ಕಾಣೆಯಾದವರ ಭಾವಚಿತ್ರ, ಎತ್ತರ, ಮೈಬಣ್ಣ, ತೊಟ್ಟ ಬಟ್ಟೆಯ ವಿವರಗಳನ್ನು ಅಚ್ಚು ಹಾಕಿ ಬಸ್ ನಿಲ್ದಾಣಗಳಲ್ಲಿ ಅಂಟಿಸುವ ಕಾಗದಕ್ಕೆ ಪೊಲೀಸರು ಇಂದಿಗೂ 'ಹ್ಯೂ ಅಂಡ್ ಕ್ರೈ ನೋಟಿಸ್' ಎನ್ನುತ್ತಾರೆ. ಏಳು ಶತಮಾನಗಳ ಹಿಂದಿನ ಬೊಬ್ಬೆ ಗೋಡೆಯ ಮೇಲಿನ ಮೂಕ ಕಾಗದವಾಗಿದೆ ಅಷ್ಟೆ.

ರೈಲು ಬಂತು, ಅಪರಿಚಿತರು ಬಂದರು

ಡಂಗುರ ಕೆಲಸ ಮಾಡುತ್ತಿದ್ದುದಕ್ಕೆ ಒಂದು ಕಾರಣವಿತ್ತು. ಅದನ್ನು ಕೇಳುವವರಿಗೆ ಕಾಣೆಯಾದವರ ಮುಖಪರಿಚಯವಿರುತ್ತಿತ್ತು. ಕಾಲ್ನಡಿಗೆಯಲ್ಲಿ ಹೋದವರು ತಮಟೆಯ ಸದ್ದನ್ನು ದಾಟಿ ಬಹಳ ದೂರ ಹೋಗಿರುತ್ತಿರಲಿಲ್ಲ. ಈ ಎರಡನ್ನೂ ಬದಲಾಯಿಸಿದ್ದು ರೈಲು.

ಬೆಂಗಳೂರಿನಿಂದ ಜೋಲಾರಪೇಟೆಗೆ 1864ರಲ್ಲಿ ರೈಲು ಓಡಿತು. ಆ ದಾರಿಯಲ್ಲಿ ಹುಟ್ಟಿದ ಪೇಟೆಗೆ ಆಗಿನ ಮೈಸೂರು ಕಮಿಷನರ್ ಲೆವಿನ್ ಬೌರಿಂಗ್ ಹೆಸರಿಟ್ಟು ಬೌರಿಂಗ್‌ಪೇಟೆ ಎಂದು ಕರೆದರು. ಅದೇ ಇಂದಿನ ಬಂಗಾರಪೇಟೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಚಿನ್ನದ ಗಣಿಗಾರಿಕೆಯನ್ನು ಕೈಗೆತ್ತಿಕೊಂಡಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಗಣಿಗಳ ಕಡೆಗೆ ಕವಲು ಮಾರ್ಗ ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿಯಿತು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಸಾವಿರಾರು ಕುಟುಂಬಗಳು ಬಂದಿಳಿದವು. ಬಂಜರು ಕುರುಚಲು ಭೂಮಿಯಲ್ಲಿ ಕೆಲವೇ ದಶಕಗಳಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು, ಇಂಗ್ಲಿಷ್ ಎಲ್ಲವೂ ಕೇಳಿಬರುವ ನಗರವೊಂದು ಎದ್ದು ನಿಂತಿತು.

ಎಲ್ಲರೂ ಎಲ್ಲಿಂದಲೋ ಬಂದವರಾದ ಊರಿನಲ್ಲಿ ಯಾರು ಯಾರೆಂದು ತಿಳಿಯುವ ಬಗೆ ಹೇಗೆ? ಗಣಿ ಇದಕ್ಕೆ ತನ್ನದೇ ಉತ್ತರ ಕಂಡುಕೊಂಡಿತು. ನೆಲದಡಿಗೆ ಇಳಿದವರ ಲೆಕ್ಕ ಇಡದೆ ಯಾವ ಗಣಿಯೂ ನಡೆಯದು. ಸ್ವಾತಂತ್ರ್ಯಾನಂತರದ 1952ರ ಗಣಿ ಕಾಯ್ದೆಯೂ ಯಾವುದೇ ಹೊತ್ತಿನಲ್ಲಿ ನೆಲದಡಿ ಯಾರಿದ್ದಾರೆ ಎಂಬ ದಾಖಲೆ ಇರಬೇಕೆಂದು ವಿಧಿಸಿತು. ಚಾಂಪಿಯನ್ ರೀಫ್‌ನಂಥ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಬಂಡೆಗಳು ಒತ್ತಡ ತಾಳದೆ ಸಿಡಿಯುವ ಅವಘಡಕ್ಕೆ ಅಲ್ಲಿನವರು 'ಏರ್ ಬ್ಲಾಸ್ಟ್' ಎನ್ನುತ್ತಿದ್ದರು. ಅಂಥ ಹೊತ್ತಿನಲ್ಲಿ ಮೇಲೆ ಬಾರದವರು ಯಾರೆಂದು ತಿಳಿಯಲು ಆ ಪಟ್ಟಿಯೇ ಆಧಾರ. ಒಬ್ಬ ಮನುಷ್ಯ ಹೊತ್ತಿಗೆ ಸರಿಯಾಗಿ ಹಿಂತಿರುಗದಿದ್ದರೆ ಹುಡುಕಾಟ ಶುರುವಾಗಬೇಕು ಎಂಬ ನಿಯಮವನ್ನು ಈ ಊರು ನೆಲದಡಿಯಲ್ಲಿ ಚೆನ್ನಾಗಿ ಕಲಿತಿತ್ತು.

ಗುರುತು ಹಚ್ಚುವ ವ್ಯವಸ್ಥೆಗೆ ಇನ್ನೊಂದು ಮುಖವೂ ಇದೆ. ಚಿನ್ನದ ಕಳವನ್ನು ತಡೆಯಬೇಕೆಂಬುದು ಕಂಪನಿಗಳಿಗಿದ್ದ ದೊಡ್ಡ ಚಿಂತೆ. 1930ರಲ್ಲಿ ಕಾರ್ಮಿಕರನ್ನು ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮ ಜಾರಿಗೆ ಬಂದಾಗ ಗಣಿ ಕೆಲಸಗಾರರು ತಿರುಗಿಬಿದ್ದರು. ಬೆರಳಚ್ಚು ಕೊಡುವುದು ಕೈದಿಗಳು, ನಾವೇಕೆ ಕೊಡಬೇಕು ಎಂಬುದು ಅವರ ಅಳಲು. ಸುಮಾರು ಮೂರು ವಾರ ಗಣಿಗಳು ಸ್ತಬ್ಧವಾದವು. ಮೈಸೂರು ಸಂಸ್ಥಾನದ ಕಾರ್ಮಿಕ ಚರಿತ್ರೆಯಲ್ಲಿ ಆ ಮುಷ್ಕರಕ್ಕೆ ದೊಡ್ಡ ಸ್ಥಾನವಿದೆ.

ಅದೇ ಬೆರಳಚ್ಚು ಮುಂದೊಂದು ದಿನ ಬೇರೆಯದೇ ಕೆಲಸ ಮಾಡಿತು. 2017ರಲ್ಲಿ ಬೆಂಗಳೂರಿನ ಬುದ್ಧಿಮಾಂದ್ಯ ಬಾಲಕರ ಸರ್ಕಾರಿ ವಸತಿಗೃಹವೊಂದರಲ್ಲಿ ಆಧಾರ್ ನೋಂದಣಿ ನಡೆಸಿದಾಗ ಕೆಲವರ ಅರ್ಜಿ ತಿರಸ್ಕೃತವಾಯಿತು. ಕಾರಣ ಹುಡುಕಿದರೆ, ಅವರ ಬೆರಳಚ್ಚು ಬೇರೆ ರಾಜ್ಯಗಳಲ್ಲಿ ಮೊದಲೇ ದಾಖಲಾಗಿತ್ತು. ಹೆಸರು, ಊರು ಹೇಳಲಾರದೆ ವರ್ಷಗಳಿಂದ ಅಲ್ಲಿದ್ದ ಮಕ್ಕಳ ಹೆತ್ತವರು ಹೀಗೆ ಪತ್ತೆಯಾದರು. ಗುರುತಿನ ದಾಖಲೆ ಕಾವಲಿಗೂ ಬಂದೀತು, ಕರುಣೆಗೂ ಬಂದೀತು. ಅದು ಯಾರ ಕೈಯಲ್ಲಿದೆ, ಯಾವ ಉದ್ದೇಶಕ್ಕಿದೆ ಎಂಬುದೇ ಮುಖ್ಯ. ಹೆದ್ದಾರಿಯ ಫಲಕದ ವಿಷಯದಲ್ಲೂ ಈ ಪ್ರಶ್ನೆ ಏಳುತ್ತದೆ.

ಮೈಕು, ಪತ್ರಿಕೆ, ಆಕಾಶವಾಣಿ

ತಮಟೆಯ ನಂತರ ಕಾಣೆಯಾದವರನ್ನು ಕೂಗಿ ಕರೆಯುವ ಸಾಧನಗಳು ಒಂದರ ಹಿಂದೊಂದು ಬಂದವು. 'ಕಾಣೆಯಾಗಿದ್ದಾರೆ' ಎಂಬ ತಲೆಬರಹದ ಚಿಕ್ಕ ಚೌಕ ದಿನಪತ್ರಿಕೆಗಳ ಒಳಪುಟಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ರೇಡಿಯೋ ಮತ್ತು ದೂರದರ್ಶನದಲ್ಲಿ ಕಾಣೆಯಾದವರ ಪ್ರಕಟಣೆ ಬರುತ್ತಿದ್ದುದನ್ನು ನಡುವಯಸ್ಸು ದಾಟಿದ ಓದುಗರೆಲ್ಲ ನೆನಪಿಟ್ಟಿರುತ್ತಾರೆ. ಚೌಕಟ್ಟಿನೊಳಗೆ ಮಸುಕಾದ ಒಂದು ಮುಖ, ಏರಿಳಿತವಿಲ್ಲದ ದನಿಯಲ್ಲಿ ಎತ್ತರ, ಬಣ್ಣ, ಬಟ್ಟೆಯ ವಿವರ.

ಜಾತ್ರೆಗಳಲ್ಲಿ ಮೈಕು ಈ ಕೆಲಸ ವಹಿಸಿಕೊಂಡಿತು. ದೇಶದಲ್ಲಿ ಇದರ ಅತಿ ದೊಡ್ಡ ಉದಾಹರಣೆ ಪ್ರಯಾಗದ ಕುಂಭಮೇಳ. 1946ರಲ್ಲಿ ರಾಜಾರಾಮ್ ತಿವಾರಿ ಎಂಬವರು ಮೇಳದಲ್ಲಿ ದಾರಿ ತಪ್ಪಿದವರಿಗಾಗಿ 'ಭೂಲೇ ಭಟಕೇ ಶಿಬಿರ' ಎಂಬ ಡೇರೆ ಹಾಕಿದರು. ದಶಕಗಳ ಕಾಲ ಅಲ್ಲಿಂದ ಹೊರಟ ಕೂಗು ಲೆಕ್ಕವಿಲ್ಲದಷ್ಟು ಮಕ್ಕಳನ್ನೂ ವೃದ್ಧರನ್ನೂ ತಮ್ಮವರೊಂದಿಗೆ ಸೇರಿಸಿತು. ಅಲ್ಲಿ ಕಾಣೆಯಾದವರ ಹೆಸರನ್ನಷ್ಟೇ ಕೂಗುವುದಿಲ್ಲ. ಸಿಕ್ಕವರ ಕೈಗೂ ಮೈಕು ಕೊಟ್ಟು ಅವರದೇ ಭಾಷೆಯಲ್ಲಿ ಮಾತಾಡಿಸುವುದುಂಟು. ಆ ಭಾಷೆ ಯಾರಿಗೆ ತಿಳಿಯುತ್ತದೋ ಅವರು ಓಡಿಬರುತ್ತಾರೆ.

ಅಮೆರಿಕದ ದೀಪದ ಫಲಕ

ಅಮೆರಿಕದಲ್ಲಿ ಈ ಕಥೆ ಶುರುವಾದುದು ಮಕ್ಕಳಿಂದ. 1996ರಲ್ಲಿ ಟೆಕ್ಸಾಸ್ ರಾಜ್ಯದ ಆರ್ಲಿಂಗ್ಟನ್ ಪಟ್ಟಣದಲ್ಲಿ ಅಂಬರ್ ಎಂಬ 9 ವರ್ಷದ ಬಾಲಕಿಯ ಅಪಹರಣ ಮತ್ತು ಕೊಲೆ ನಡೆಯಿತು. ಬಿರುಗಾಳಿ ಬಂದರೆ ರೇಡಿಯೋದವರು ಕಾರ್ಯಕ್ರಮ ನಿಲ್ಲಿಸಿ ಸುದ್ದಿ ಕೊಡುತ್ತಾರೆ, ಮಗು ಕಾಣೆಯಾದರೆ ಏಕೆ ಕೊಡಬಾರದು ಎಂದು ಜನ ಕೇಳಿದರು. ಹೀಗೆ 'ಅಂಬರ್ ಅಲರ್ಟ್' ಹುಟ್ಟಿತು. ಅಪಹರಣಕಾರರು ಓಡಿಹೋಗುವುದು ಕಾರಿನಲ್ಲಿ, ಆ ಕಾರನ್ನು ನೋಡುವವರು ಇತರ ಚಾಲಕರು. ಆದ್ದರಿಂದ ಹೆದ್ದಾರಿಯ ದೀಪದ ಫಲಕವನ್ನೇ ಬಳಸಬೇಕೆಂಬ ಯೋಚನೆ ಸಹಜವಾಗಿಯೇ ಬಂತು. 2002ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು ಹುಡುಗಿಯರ ಅಪಹರಣವಾದಾಗ ಹೆದ್ದಾರಿಗಳ ಮೇಲೆ ಕಾರಿನ ವಿವರ ಬೆಳಗಿತು. ಅದೇ ದಿನ ಅವರಿಬ್ಬರೂ ಜೀವಸಹಿತ ಸಿಕ್ಕರು. ಈ ಪ್ರಕರಣದ ನಂತರ ಫಲಕಗಳ ಮೇಲೆ ಜನರ ನಂಬಿಕೆ ಗಟ್ಟಿಯಾಯಿತು.

ವೃದ್ಧರ ಸರದಿ ಬಂದುದು ಆಮೇಲೆ. ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ 2004ರಲ್ಲಿ ಮರೆವಿನ ಕಾಯಿಲೆಯಿದ್ದ 68 ವರ್ಷದ ಮಹಿಳೆಯೊಬ್ಬರು ಮನೆಯಿಂದ ಹೊರಟುಹೋದರು. ತಿಂಗಳುಗಳ ನಂತರ ಅವರ ದೇಹ ಸಿಕ್ಕಿದ್ದು ಮನೆಗೆ ತೀರ ಹತ್ತಿರದ ಕುರುಚಲು ಕಾಡಿನಲ್ಲಿ. 2006ರಲ್ಲಿ ಆ ರಾಜ್ಯ 'ಮ್ಯಾಟೀಸ್ ಕಾಲ್' ಎಂಬ ಕಾನೂನನ್ನೇ ತಂದಿತು. ಅದೇ ಹೊತ್ತಿಗೆ ಓಕ್ಲಹೋಮಾದಲ್ಲಿ 'ಸಿಲ್ವರ್ ಅಲರ್ಟ್' ಎಂಬ ಹೆಸರು ಹುಟ್ಟಿತು. ನರೆತ ಕೂದಲಿನ ಬೆಳ್ಳಿ ಬಣ್ಣವೇ ಈ ಹೆಸರಿನ ಮೂಲ. 2008ರ ಫೆಬ್ರುವರಿಯಲ್ಲಿ ಫ್ಲಾರಿಡಾದ ವೃದ್ಧಾಶ್ರಮವೊಂದರಿಂದ 86 ವರ್ಷದ ಮಹಿಳೆಯೊಬ್ಬರು ತಾವೇ ಕಾರು ಓಡಿಸಿಕೊಂಡು ಹೋಗಿ ದಾರಿ ತಪ್ಪಿದರು. ಅವರ ಕಾರು ನೀರಿಗೆ ಬಿದ್ದು ಅವರು ಸತ್ತುದು ಆ ರಾಜ್ಯವನ್ನು ಕಲಕಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಗವರ್ನರ್ ಚಾರ್ಲಿ ಕ್ರಿಸ್ಟ್ ಅವರ ಆದೇಶದಿಂದ ಫ್ಲಾರಿಡಾದ ಹೆದ್ದಾರಿ ಫಲಕಗಳು ವೃದ್ಧರಿಗಾಗಿ ಬೆಳಗತೊಡಗಿದವು. ಮಕ್ಕಳೂ ಅಲ್ಲದ, ವೃದ್ಧರೂ ಅಲ್ಲದವರಿಗಾಗಿ 2018ರಲ್ಲಿ 'ಅಶಾಂತಿ ಅಲರ್ಟ್' ಎಂಬ ಕಾಯ್ದೆ ಬಂತು. ಇಲ್ಲಿ ಅಶಾಂತಿ ಎಂಬುದು ಕನ್ನಡದ ಪದವಲ್ಲ, 2017ರಲ್ಲಿ ಅಪಹರಣಕ್ಕೆ ಬಲಿಯಾದ ಯುವತಿಯ ಹೆಸರು.

ಫಲಕ ಕೆಲಸ ಮಾಡುವ ರೀತಿಯಲ್ಲಿಯೇ ಅದರ ಮಿತಿಯೂ ಅಡಗಿದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಫಲಕದ ಅಕ್ಷರಗಳು 250 ಮೀಟರ್ ದೂರದಿಂದ ಕಂಡರೂ ಓದಲು ಸಿಗುವುದು ಒಂಬತ್ತು ಸೆಕೆಂಡು. ಮೂರು ಸಾಲಿಗಿಂತ ಹೆಚ್ಚು ಬರೆದರೆ ಯಾರೂ ಓದಲಾರರು, ಓದಲು ಹೊರಟವರು ವೇಗ ತಗ್ಗಿಸಿದರೆ ಹಿಂದಿನಿಂದ ಅಪಘಾತದ ಭಯ. ಹೀಗಾಗಿ ಅಲ್ಲಿ ವ್ಯಕ್ತಿಯ ಹೆಸರು, ಕಾಯಿಲೆ, ವಿಳಾಸ ಏನನ್ನೂ ಬರೆಯುವುದಿಲ್ಲ. ಇದರಿಂದ ವ್ಯಕ್ತಿಯ ಮರ್ಯಾದೆಯೂ ಉಳಿಯುತ್ತದೆ. ಕಾರಿನಲ್ಲಿ ಹೋದವರಿಗೆ ಮಾತ್ರ ಹೆದ್ದಾರಿ ಫಲಕವನ್ನು ಬಳಸುವುದು ಅಲ್ಲಿನ ಸಾಮಾನ್ಯ ಕ್ರಮ. ದಿನಕ್ಕೊಂದು ಎಚ್ಚರಿಕೆ ಬಂದರೆ ಜನ ಅದನ್ನು ನೋಡುವುದನ್ನೇ ಬಿಡುತ್ತಾರೆ ಎಂಬ ಆತಂಕವಿದೆ. ಈ ವ್ಯವಸ್ಥೆಯಿಂದ ನಿಜಕ್ಕೂ ಎಷ್ಟು ಜೀವ ಉಳಿದಿದೆ, ವಯಸ್ಕರ ಸ್ವಾತಂತ್ರ್ಯಕ್ಕೆ ಎಷ್ಟು ಧಕ್ಕೆಯಾಗಿದೆ ಎಂದು ಸಂಶೋಧಕರು ಪ್ರಶ್ನೆ ಎತ್ತಿದ್ದಾರೆ.

ಏಷ್ಯಾದ ದೇಶಗಳು ಬೇರೆ ದಾರಿ ಹಿಡಿದವು. ಜಪಾನಿನ ಕುಷಿರೊ ನಗರದಲ್ಲಿ 1994ರಲ್ಲಿ ಪೊಲೀಸರು, ಟ್ಯಾಕ್ಸಿ ಚಾಲಕರು, ಸ್ಥಳೀಯ ರೇಡಿಯೋದವರು ಸೇರಿ 'ಎಸ್‌ಒಎಸ್ ಜಾಲ' ಕಟ್ಟಿದರು. ವೃದ್ಧರೊಬ್ಬರು ಕಾಣೆಯಾದ ಸುದ್ದಿ ಬಂದೊಡನೆ ಊರೆಲ್ಲ ಓಡಾಡುವ ಟ್ಯಾಕ್ಸಿಗಳೇ ಕಣ್ಣುಗಳಾಗುತ್ತವೆ. ಇದೇ ಮಾದರಿ ಮುಂದೆ ಆ ದೇಶದ ಇತರ ಊರುಗಳಿಗೂ ಹಬ್ಬಿತು. ದಕ್ಷಿಣ ಕೊರಿಯಾ 2021ರ ಜೂನ್‌ನಿಂದ ಆಯಾ ಪ್ರದೇಶದ ಮೊಬೈಲುಗಳಿಗೇ ಕಾಣೆಯಾದ ಮಕ್ಕಳ, ಬುದ್ಧಿಮಾಂದ್ಯರ ಮತ್ತು ಮರೆವಿನ ರೋಗಿಗಳ ವಿವರ ಕಳುಹಿಸುತ್ತಿದೆ.

ಮರೆವು ನಮ್ಮ ಜಿಲ್ಲೆಯಲ್ಲಿ

ವಯಸ್ಸಾದವರ ಮರೆವನ್ನು 'ಅರಳು ಮರಳು' ಎಂದು ನಕ್ಕು ಬಿಡುವುದು ನಮ್ಮ ವಾಡಿಕೆ. ಅದರಲ್ಲಿ ಒಂದು ಪಾಲು ಡಿಮೆನ್ಶಿಯಾ ಎಂದು ವೈದ್ಯರು ಕರೆಯುವ ಕಾಯಿಲೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ 60 ದಾಟಿದ ನೂರು ಮಂದಿಯಲ್ಲಿ ಏಳಕ್ಕೂ ಹೆಚ್ಚು ಜನರಿಗೆ ಇದು ಇದೆ. ಒಟ್ಟು ಸುಮಾರು 88 ಲಕ್ಷ ಮಂದಿ.

ಈ ಕಾಯಿಲೆಯ ಅಧ್ಯಯನದಲ್ಲಿ ಕೋಲಾರ ಜಿಲ್ಲೆಗೆ ವಿಶೇಷ ಸ್ಥಾನವಿದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಹಳ್ಳಿಗರಲ್ಲಿ ಮುಪ್ಪು ಮತ್ತು ಮೆದುಳಿನ ಬದಲಾವಣೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಅರಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಆರಿಸಿಕೊಂಡದ್ದು ಶ್ರೀನಿವಾಸಪುರ ತಾಲ್ಲೂಕನ್ನು. 10 ಸಾವಿರ ಜನರನ್ನು ಒಳಗೊಳ್ಳುವ ಗುರಿಯ ಈ ಅಧ್ಯಯನಕ್ಕೆ ತಾಲ್ಲೂಕಿನ ಹೆಸರೇ ಇದೆ. ನಿಮ್ಹಾನ್ಸ್ ನೆರವಿನಿಂದ ರಾಜ್ಯ ಸರ್ಕಾರ ಆರಂಭಿಸಿದ ಮೆದುಳಿನ ಆರೋಗ್ಯ ಯೋಜನೆಯ ಮೊದಲ ಪ್ರಯೋಗಕ್ಕೆ ಆಯ್ಕೆಯಾದ ಜಿಲ್ಲೆಗಳಲ್ಲಿಯೂ ಕೋಲಾರವಿತ್ತು.

ಕೆಜಿಎಫ್‌ನ ಸ್ಥಿತಿ ಇನ್ನೂ ಸೂಕ್ಷ್ಮ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಊರಿನ ದುಡಿಮೆ ಬೆಂಗಳೂರಿನ ಕಡೆಗೆ ತಿರುಗಿತು. ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಡುವ ರೈಲುಗಳು ಸಾವಿರಾರು ಜನರನ್ನು ಹೊತ್ತೊಯ್ದು ರಾತ್ರಿ ಮರಳಿ ತರುತ್ತವೆ. ದಿನವಿಡೀ ಅನೇಕ ಮನೆಗಳಲ್ಲಿ ಉಳಿಯುವವರು ವಯಸ್ಸಾದವರು. ಗಣಿ ಕಾರ್ಮಿಕರಿಗಾಗಿ ಕಟ್ಟಿದ ಸಾಲುಮನೆಗಳು ಒಂದರಂತೆ ಇನ್ನೊಂದು. ನೆನಪು ಮಸುಕಾದವರಿಗೆ ತಮ್ಮ ಬಾಗಿಲು ಯಾವುದೆಂದು ತಿಳಿಯುವುದು ಸುಲಭವಲ್ಲ. ಸುತ್ತ ಸೈನೈಡ್ ದಿಬ್ಬಗಳು, ಪಾಳುಬಿದ್ದ ಗಣಿ ಕಟ್ಟಡಗಳು, ಮುಳ್ಳುಕಂಟಿ ಬೆಳೆದ ಬಯಲು. ಒಂದು ಕಾಲಕ್ಕೆ ಪಾಳಿಗೆ ಹೋದ ದಾರಿಯನ್ನೇ ಹಿಡಿದು ಮುದುಕರೊಬ್ಬರು ಇಲ್ಲದ ಕೆಲಸಕ್ಕೆ ಹೊರಟರೆ ಆಶ್ಚರ್ಯಪಡಬೇಕಿಲ್ಲ. ಮರೆವಿನ ರೋಗಿಗಳು ಹಳೆಯ ಮನೆ, ಹಳೆಯ ಕೆಲಸದ ಜಾಗ ಹುಡುಕಿ ಹೊರಡುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಲಕ್ಷಣ.

ಬಂಗಾರಪೇಟೆ ಜಂಕ್ಷನ್ನಿನ ಕಷ್ಟ ಇನ್ನೊಂದು ಬಗೆಯದು. ಅಲ್ಲಿಂದ ನಾಲ್ಕು ದಿಕ್ಕಿಗೆ ಹಳಿಗಳಿವೆ. ಒಂದು ಬೆಂಗಳೂರಿಗೆ, ಒಂದು ಕೋಲಾರಕ್ಕೆ, ಒಂದು ಮಾರಿಕುಪ್ಪಂಗೆ, ಇನ್ನೊಂದು ಜೋಲಾರಪೇಟೆಗೆ. ಜೋಲಾರಪೇಟೆಯ ರೈಲು ಹತ್ತಿದವರು ಸ್ವಲ್ಪ ಹೊತ್ತಿಗೇ ಆಂಧ್ರದ ಕುಪ್ಪಂ ತಲುಪಿ, ಆಮೇಲೆ ತಮಿಳುನಾಡಿಗೆ ಇಳಿಯುತ್ತಾರೆ. ಒಂದೇ ಪ್ರಯಾಣದಲ್ಲಿ ಮೂರು ರಾಜ್ಯಗಳ ಪೊಲೀಸರು, ಅದರ ಮೇಲೆ ರೈಲ್ವೆ ಪೊಲೀಸರು. ಕೋಲಾರ ಒಂದೇ ಕಂದಾಯ ಜಿಲ್ಲೆಯಾದರೂ ಕೆಜಿಎಫ್‌ಗೆ ಪ್ರತ್ಯೇಕ ಪೊಲೀಸ್ ಜಿಲ್ಲೆಯಿದೆ. ಕಾಣೆಯಾದ ದೂರು ಒಂದು ಕಡೆ, ಸಿಕ್ಕ ಮನುಷ್ಯ ಇನ್ನೊಂದು ಕಡೆ ಎಂಬ ಸ್ಥಿತಿಗೆ ಇಲ್ಲಿ ನೂರು ಮೈಲಿ ದೂರವೇನೂ ಬೇಕಿಲ್ಲ.

ಭಾಷೆಯೂ ತೊಡಕಾಗುತ್ತದೆ. ಕಾಯಿಲೆ ಬಲಿತಂತೆ ಅನೇಕರು ಆಮೇಲೆ ಕಲಿತ ಭಾಷೆಗಳನ್ನು ಮರೆತು ತಾಯಿನುಡಿಗೆ ಮರಳುತ್ತಾರೆ. ಜೀವನವಿಡೀ ಕನ್ನಡ, ತೆಲುಗು ಸಲೀಸಾಗಿ ಆಡಿದ ತಮಿಳು ಅಜ್ಜಿ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ತಮಿಳಿನಲ್ಲಷ್ಟೇ ಉತ್ತರ ಕೊಟ್ಟರೆ, ಕೇಳಿದವರು ಈಕೆ ತಮಿಳುನಾಡಿನವರೆಂದು ತೀರ್ಮಾನಿಸಿ ಹುಡುಕಾಟವನ್ನು ತಪ್ಪು ದಿಕ್ಕಿಗೆ ಒಯ್ದಾರು.

ನಮಗೆ ಬೇಕಾದ ಫಲಕ ಯಾವುದು?

ಅಮೆರಿಕದ ಫಲಕವನ್ನು ಎತ್ತಿ ತಂದು ಎಕ್ಸ್‌ಪ್ರೆಸ್ ಹೆದ್ದಾರಿಯ ಮೇಲೆ ನಿಲ್ಲಿಸಿದರೆ ನಮ್ಮ ಸಮಸ್ಯೆ ತೀರದು. ಅಲ್ಲಿ ಕಾಣೆಯಾಗುವವರು ಕಾರು ಓಡಿಸುತ್ತಾರೆ. ಇಲ್ಲಿ ನಡೆದು ಹೋಗುತ್ತಾರೆ, ಬಸ್ಸು ಹತ್ತುತ್ತಾರೆ, ರೈಲಿನಲ್ಲಿ ಕೂರುತ್ತಾರೆ. ಕಾಲ್ನಡಿಗೆಯಲ್ಲಿ ಹೋದ ಮರೆವಿನ ರೋಗಿಗಳು ಹೆಚ್ಚಾಗಿ ಹೊರಟ ಜಾಗದಿಂದ ಒಂದೆರಡು ಕಿಲೋಮೀಟರ್ ಒಳಗೇ ಸಿಗುತ್ತಾರೆ ಎಂಬುದು ಹುಡುಕಾಟದ ಅನುಭವವುಳ್ಳವರ ಮಾತು. ಹಾಗಾಗಿ ಮೊದಲ ಗಂಟೆಯಲ್ಲಿ ಬೇಕಾದುದು ಬೀದಿಯ ಡಂಗುರ. ಕಸ ಸಂಗ್ರಹಿಸುವ ಆಟೋದ ಮೈಕು, ದೇವಸ್ಥಾನ, ಮಸೀದಿ, ಚರ್ಚುಗಳ ಧ್ವನಿವರ್ಧಕ, ಆಟೋ ನಿಲ್ದಾಣದ ಚಾಲಕರು ಇದಕ್ಕೆ ಸಾಕು. ಎರಡನೆಯ ಗಂಟೆಯ ಹೊತ್ತಿಗೆ ಸುದ್ದಿ ಬಂಗಾರಪೇಟೆ ಜಂಕ್ಷನ್ನಿನ ಪ್ರಕಟಣೆಗೂ, ರೈಲ್ವೆ ಮತ್ತು ಬಸ್ ನಿಲ್ದಾಣಗಳ ದೀಪದ ಫಲಕಗಳಿಗೂ, ಬಸ್ ನಿರ್ವಾಹಕರ ಮೊಬೈಲಿಗೂ ಹೋಗಬೇಕು. ರೈಲು ಯಾವ ಪ್ಲಾಟ್‌ಫಾರಂಗೆ ಬರುತ್ತದೆಂದು ಮೂರು ಭಾಷೆಗಳಲ್ಲಿ ಹೇಳುವ ನಿಲ್ದಾಣಕ್ಕೆ ನೀಲಿ ಸೀರೆಯುಟ್ಟ ಅಜ್ಜಿಯ ಸುದ್ದಿ ಹೇಳುವುದು ಕಷ್ಟವೇನಲ್ಲ. ಹೆದ್ದಾರಿಯ ದೊಡ್ಡ ಫಲಕ ಅಲ್ಲಿಂದಾಚೆಯ ಹಂತ. ರಸ್ತೆಯಂಚಿನಲ್ಲಿ ನಡೆದು ಹೋಗುತ್ತಿರುವವರು ವೇಗದ ವಾಹನಗಳಿಗೆ ಸಿಲುಕದಂತೆ ಚಾಲಕರನ್ನು ಎಚ್ಚರಿಸಲೂ ಅದು ನೆರವಾದೀತು.

ತಾಂತ್ರಿಕವಾಗಿ ನಮಗೆ ಕೊರತೆಯೇನಿಲ್ಲ. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಮೊಬೈಲುಗಳೆಲ್ಲ ಒಮ್ಮೆಗೇ ಕಿರುಚಿದ ದಿನವನ್ನು ಜನ ಮರೆತಿಲ್ಲ. ವಿಪತ್ತಿನ ಎಚ್ಚರಿಕೆಗಾಗಿ ನಡೆಸಿದ ಪರೀಕ್ಷೆ ಅದು. ನಿರ್ದಿಷ್ಟ ಪ್ರದೇಶದ ಮೊಬೈಲುಗಳಿಗೆ ಮಾತ್ರ ಸಂದೇಶ ತಲುಪಿಸುವ ಇದೇ ತಂತ್ರ ಕೊರಿಯಾದಲ್ಲಿ ವೃದ್ಧರನ್ನು ಹುಡುಕುತ್ತಿದೆ.

ಕಾನೂನಿನ ಬೆಂಬಲವೂ ಇದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ನೆನಪು ಮತ್ತು ದಿಕ್ಕಿನ ಅರಿವು ಗಂಭೀರವಾಗಿ ಕೆಡುವುದೂ ಸೇರಿದೆ. ತಮ್ಮನ್ನು ತಾವು ನೋಡಿಕೊಳ್ಳಲಾಗದೆ ಅಲೆಯುತ್ತಿರುವ ಇಂಥವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತೋರಿಸುವುದು, ಕಾಣೆಯಾದವರ ಪ್ರಕರಣ ದಾಖಲಿಸಿ ಮನೆಯವರನ್ನು ಹುಡುಕುವುದು ಠಾಣಾಧಿಕಾರಿಯ ಕರ್ತವ್ಯವೆಂದು ಅದರ 100ನೇ ಕಲಮು ಹೇಳುತ್ತದೆ. ಲಾಕಪ್ಪಿನಲ್ಲಿ ಇಡುವಂತಿಲ್ಲ. ಕಾಣೆಯಾಗಿ ಒಂದು ದಿನ ಕಳೆಯದೆ ದೂರು ಕೊಡುವಂತಿಲ್ಲ ಎಂಬ ನಂಬಿಕೆ ಜನರಲ್ಲಿ ಬೇರೂರಿದೆ, ಅಂಥ ಕಾಯುವಿಕೆಯನ್ನು ಯಾವ ಕಾನೂನೂ ಕೇಳುವುದಿಲ್ಲ. 112ಕ್ಕೆ ಕೂಡಲೇ ಕರೆ ಮಾಡಬಹುದು. ಹಿರಿಯರ ಸಹಾಯವಾಣಿ 14567, ರೈಲ್ವೆಯದು 139.

ಇಷ್ಟಾದರೂ 1930ರ ಗಣಿ ಕಾರ್ಮಿಕರ ಪ್ರಶ್ನೆ ಉಳಿಯುತ್ತದೆ. ಗುರುತು ಹಚ್ಚುವ ಅಧಿಕಾರ ಯಾರಿಗೆ ಕೊಡುತ್ತಿದ್ದೇವೆ? ಮನೆ ಬಿಟ್ಟು ಹೋದ ವಯಸ್ಕರೆಲ್ಲ ದಾರಿ ತಪ್ಪಿದವರಲ್ಲ. ಹಿಂಸೆ ತಾಳಲಾರದೆ ಹೋದ ಮಹಿಳೆ ಇರಬಹುದು, ಆಸ್ತಿಗಾಗಿ ಪೀಡಿಸುವ ಮಕ್ಕಳಿಂದ ತಪ್ಪಿಸಿಕೊಂಡ ತಂದೆ ಇರಬಹುದು. ಅವರ ಗುರುತನ್ನು ಊರಿಗೆಲ್ಲ ಸಾರಿದರೆ ಅದು ರಕ್ಷಣೆಯಾಗದು. ಆದ್ದರಿಂದ ಕಾಯಿಲೆಯ ದಾಖಲೆ ಅಥವಾ ವೈದ್ಯರ ಮಾತು, ಪೊಲೀಸರ ಪರಿಶೀಲನೆ ಇವೆರಡೂ ಆದ ನಂತರವೇ ಸುದ್ದಿ ಹೊರಡಬೇಕು. ಸಿಕ್ಕ ಕೂಡಲೇ ಆ ಸುದ್ದಿಯನ್ನು ಅಳಿಸಬೇಕು. ಮನೆಯವರು ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಟ್ಟ ಚಿತ್ರ, ಫೋನ್ ನಂಬರುಗಳು ವ್ಯಕ್ತಿ ಮನೆ ಸೇರಿ ವರ್ಷಗಳಾದರೂ ತಿರುಗುತ್ತಲೇ ಇರುವುದನ್ನು ನಾವೆಲ್ಲ ನೋಡಿದ್ದೇವೆ. ನಂದಿಸಲು ಬರುವುದೇ ದೀಪದ ಫಲಕದ ಒಂದು ದೊಡ್ಡ ಗುಣ.

ಎಲ್ಲಕ್ಕಿಂತ ಕಡಿಮೆ ಖರ್ಚಿನ ಫಲಕ ಮನೆಯಲ್ಲೇ ಸಿದ್ಧವಾಗಬಹುದು. ಇತ್ತೀಚಿನ ಒಂದು ಭಾವಚಿತ್ರ, ಅಂಗಿಯ ಒಳಭಾಗಕ್ಕೆ ಹೊಲಿದ ಒಂದು ಫೋನ್ ನಂಬರು, ಹಿರಿಯರು ಹಿಂದೆ ಕೆಲಸ ಮಾಡಿದ ಜಾಗ ಮತ್ತು ಅವರ ಹುಟ್ಟೂರಿನ ಹೆಸರು, ಅವರು ಆಡುವ ಮೊದಲ ಭಾಷೆ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟರೆ ಠಾಣೆಯಲ್ಲಿ ಕಳೆಯುವ ಮೊದಲ ಅರ್ಧ ಗಂಟೆ ಉಳಿಯುತ್ತದೆ. ಪಕ್ಕದ ಮನೆಯವರಿಗೆ, ಬೀದಿಯ ಅಂಗಡಿಯವರಿಗೆ ಕಾಯಿಲೆಯ ವಿಷಯ ಮುಚ್ಚಿಡದೆ ಹೇಳಿದರೆ ಹಳೆಯ ತಳವಾರನ ಕೆಲಸವನ್ನು ಅವರು ಸಂಬಳವಿಲ್ಲದೆ, ಸಂಕೋಲೆಯೂ ಇಲ್ಲದೆ ಮಾಡುತ್ತಾರೆ.

ನೆಲದಡಿ ಮೂರು ಕಿಲೋಮೀಟರ್ ಇಳಿದವನು ಪಾಳಿ ಮುಗಿದ ಮೇಲೆ ಬಾರದಿದ್ದರೆ ಕೆಜಿಎಫ್‌ನಲ್ಲಿ ಮರುದಿನದವರೆಗೆ ಕಾಯುತ್ತಿರಲಿಲ್ಲ. ಅಂದು ಹಾಗೆ ಮೇಲೆ ಬಂದವರೇ ಇಂದು ಎಪ್ಪತ್ತು, ಎಂಬತ್ತು ದಾಟಿದ್ದಾರೆ. ನೆಲದ ಮೇಲೆಯೂ ಅವರಿಗೆ ಅದೇ ನಿಯಮ ಸಲ್ಲಬೇಕು.